ಸೈನ್ಯ ಬಿಟ್ಟ ಬಂದೂಕು, ಠಾಣೆಯ ಪಾಲು

ಚುನಾವಣೆ ಘೋಷಣೆಯಾದರೆ ಸಾಕು, ಶಿವಮೊಗ್ಗ–ಸಾಗರ ರಸ್ತೆಯ ಕುಂಸಿಯಂಥ ಮಲೆನಾಡಿನ ಅಂಚಿನ ಠಾಣೆಗಳಿಗೆ ಕೋವಿಗಳು ಬರತೊಡಗುತ್ತವೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದ ರೈತರು ತಮ್ಮ ಕೇಪಿನ ಕೋವಿ, ತೋಟಾ ಕೋವಿಗಳನ್ನು ಒಪ್ಪಿಸಿ ರಸೀದಿ ಇಸಿದುಕೊಂಡು ಹೋಗುತ್ತಾರೆ. ಅವನ್ನು ಎಣಿಸಿಕೊಳ್ಳುವ ಪೊಲೀಸರ ಕೈಗೆ ಯಾವ ಬಂದೂಕು ಬರಬೇಕೆಂಬುದು ಮಾತ್ರ ಠಾಣೆಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ.

1857ರ ದಂಗೆಯ ಪಾಠವನ್ನು ಬ್ರಿಟಿಷರು ಮರೆಯಲಿಲ್ಲ. ದೇಸಿ ಸಿಪಾಯಿಗೆ ಕೊಟ್ಟ ಆಯುಧ ನಾಳೆ ತಮ್ಮತ್ತಲೇ ತಿರುಗೀತೆಂಬ ಅಂಜಿಕೆ ಇತ್ತು. ಹಾಗಾಗಿ ಪೊಲೀಸರಿಗಾಗಿಯೇ ಒಂದು ವಿಚಿತ್ರ ಬಂದೂಕು ಹುಟ್ಟಿತು. ಲೀ-ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗಿನ ತಿರುಚು ಗೀರು ತೆಗೆದು ನುಣುಪು ಮಾಡಿ, ಒಂದೊಂದೇ ತೋಟಾ ತುಂಬುವಂತೆ ಮಾರ್ಪಡಿಸಿದ ‘ಫೋರ್ ಟೆನ್ ಮಸ್ಕೆಟ್’ ಅದು. ಸೈನ್ಯದ ಗುಂಡು ಅದಕ್ಕೆ ಹೊಂದುತ್ತಿರಲಿಲ್ಲ. ದೂರದ ಗುರಿಯೂ ಸಿಗುತ್ತಿರಲಿಲ್ಲ. ದೋಷವೇ ಅದರ ಅರ್ಹತೆ!

ಆಮೇಲೆ ಠಾಣೆಗೆ ಬಂದ ‘ತ್ರೀ ನಾಟ್ ತ್ರೀ’ ರೈಫಲ್ ಪೊಲೀಸರ ಗುರುತೇ ಆಗಿಹೋಯಿತು. ನಾಲ್ಕು ಕಿಲೋ ಸುಮಾರು ತೂಕ, ಹತ್ತು ಗುಂಡಿನ ಮ್ಯಾಗಜೀನ್, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ದೂಡಬೇಕು. ಮರದ ಹಿಡಿಯ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳ. ತೆರೆದರೆ ಒಳಗೆ ಎಣ್ಣೆ ಬಾಟಲಿ, ನಳಿಗೆ ಉಜ್ಜುವ ‘ಪುಲ್‌ಥ್ರೂ’ ಹುರಿ. ಮಳೆಗಾಲ ತಿಂಗಳುಗಟ್ಟಲೆ ಜಡಿಯುವ ಸೀಮೆಯಲ್ಲಿ ಆ ಹುರಿ, ಚಿಂದಿ, ಎಣ್ಣೆಗೆ ಗುಂಡಿನಷ್ಟೇ ಬೆಲೆ.

1962ರ ಚೀನಾ ಯುದ್ಧ ಸೈನ್ಯದ ಲೆಕ್ಕವನ್ನು ಬುಡಮೇಲು ಮಾಡಿತು. ಬೋಲ್ಟ್ ಎಳೆಯುವ ರೈಫಲ್ಲಿನಿಂದ ಇನ್ನು ಸಾಗದೆಂದು ಸೈನ್ಯ ಬೆಲ್ಜಿಯಂನ ಎಫ್ಎನ್ ಕಂಪನಿಯ ಮಾದರಿಯ ‘ಸೆಲ್ಫ್ ಲೋಡಿಂಗ್ ರೈಫಲ್’, ಅಂದರೆ ಎಸ್‌ಎಲ್‌ಆರ್‌ಗೆ ಹೊರಳಿತು. ಬಂಗಾಳದ ಈಶಾಪುರ ಕಾರ್ಖಾನೆ ಅದನ್ನು ತಯಾರಿಸಿತು. ಗುಂಡು ಸಿಡಿದಾಗಿನ ಅನಿಲದ ಒತ್ತಡವೇ ಮುಂದಿನ ಗುಂಡು ತುಂಬಿಕೊಳ್ಳುವಂತೆ ಮಾಡುತ್ತದೆ. ಕುದುರೆ ಎಳೆದಷ್ಟು ಸಲ ಒಂದೊಂದೇ ಗುಂಡು. ಮ್ಯಾಗಜೀನಿನಲ್ಲಿ ಇಪ್ಪತ್ತು. 1990ರ ದಶಕದ ಕೊನೆಗೆ ಸೈನ್ಯಕ್ಕೆ ಇನ್ಸಾಸ್ ರೈಫಲ್ ಬಂದ ಮೇಲೆ ಎಸ್‌ಎಲ್‌ಆರ್ ಪೊಲೀಸ್ ಶಸ್ತ್ರಾಗಾರಗಳನ್ನು ತುಂಬಿತು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಗುಂಡು ಸರ್ಕಾರಿ ಕಾರ್ಖಾನೆಯಲ್ಲೇ ಸಿಗುತ್ತದೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ, ಕಲಿಸುವವರೂ ಇದ್ದಾರೆ. ಆಯ್ಕೆ ಎನ್ನುವುದಕ್ಕಿಂತ ಇದನ್ನು ಅನುಕೂಲ ಎನ್ನಬೇಕು.

ಕರ್ನಾಟಕದಲ್ಲಿ ಈ ಅನುಕೂಲದ ಮಿತಿಯನ್ನು ತೋರಿಸಿದ್ದು ಕಾಡು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ನಾಲ್ಕೇ ದಿನದಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರೋರಾತ್ರಿ ನಕ್ಸಲರ ದಾಳಿ ನಡೆದು ಏಳು ಪೊಲೀಸರು ಸತ್ತರು. ಅಲ್ಲಿ ಬಂದೂಕಿಗಿಂತ ಕಾವಲಿನ ಪ್ರಶ್ನೆ ದೊಡ್ಡದು. ಮಲೆನಾಡಿನ ಕಾಡಿನಲ್ಲಾದರೋ ಪೊದೆ, ಇಳಿಜಾರುಗಳ ನಡುವೆ ಉದ್ದನೆಯ ಎಸ್‌ಎಲ್‌ಆರ್ ತೊಡಕು. ಇನ್ಸಾಸ್ ಹೆಚ್ಚುಕಡಿಮೆ ಗೇಣಷ್ಟು ಗಿಡ್ಡ, ಅದರ 5.56 ಮಿ.ಮೀ. ತೋಟಾ ಎಸ್‌ಎಲ್‌ಆರ್‌ನ 7.62 ತೋಟಾದ ಅರ್ಧ ತೂಕದ್ದು. ಹೆಗಲಿಗೆ ಅಷ್ಟು ಹಗುರ.

ಪೇಟೆಯ ಮಾತೇ ಬೇರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 7.62ರ ಗುಂಡು ಹಾರಿದರೆ ಗುರಿಯನ್ನು ಹಾಯ್ದು ಹಿಂದಿದ್ದವರಿಗೂ ತಗುಲೀತು. ಅಲ್ಲಿ ಸಾರ್ಥಕವಾಗುವುದು ಗುರಾಣಿ, ಲಾಠಿ, ಅಶ್ರುವಾಯು. ಹಳೆಯ ತ್ರೀ ನಾಟ್ ತ್ರೀಗೂ ಒಂದು ಕೆಲಸ ಇದ್ದೇ ಇದೆ: ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂತಹ ಗೌರವದ ಹೊತ್ತು. ಆಗ ಹಾರಿಸುವ, ಸದ್ದಷ್ಟೇ ಮಾಡುವ ಗುಂಡಿಲ್ಲದ ತೋಟಾದಲ್ಲಿ ಎಸ್‌ಎಲ್‌ಆರ್ ತಾನಾಗಿ ಮರುತುಂಬಿಕೊಳ್ಳುವುದಿಲ್ಲ. ಬೋಲ್ಟ್ ಎಳೆಯುವ ಮುದುಕನಿಗೆ ಆ ತಾಪತ್ರಯವೇ ಇಲ್ಲ.

ಗಮನವೂ ಕಾಡಿನಿಂದ ಪೇಟೆಯ ಗಲಭೆಯತ್ತ ಹೊರಳಿದೆ. 2021ರ ಜನವರಿಯಲ್ಲಿ ಭದ್ರಾವತಿಯಲ್ಲಿ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್ ನೆಲೆಗೆ ಅಡಿಗಲ್ಲು ಬಿತ್ತು. ಗಲಭೆ ಅಡಗಿಸಲೆಂದೇ ಇರುವ ಪಡೆ ಅದು. 2025ರಲ್ಲಿ ನಕ್ಸಲ್ ನಿಗ್ರಹ ಪಡೆಯಿಂದ ಜನರನ್ನು ತೆಗೆದು ಸರ್ಕಾರ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕಟ್ಟಿತು. ಅದರ ವ್ಯಾಪ್ತಿಗೆ ಬಂದ ಮೂರು ಜಿಲ್ಲೆಗಳು ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ.