ಮುತ್ತಜ್ಜನ ಗ್ರಾಮೋಫೋನಿಗೆ ನಿಜವಾಗ್ಲೂ ವಯಸ್ಸೆಷ್ಟು?

ಹೋದ ತಿಂಗಳು ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಅಟ್ಟದ ಮೇಲಿದ್ದ ಕಪ್ಪು ಪೆಟ್ಟಿಗೆಯೊಂದು ಜಗಲಿಗೆ ಬಂದಿತ್ತು. ಸೂಟ್‌ಕೇಸ್ ಥರ ಕೈಯಲ್ಲಿ ಹಿಡಿದು ಓಡಾಡಬಹುದಾದ ಗ್ರಾಮೋಫೋನ್. 1911ರಲ್ಲಿ ಮುತ್ತಜ್ಜ ಕಲ್ಕತ್ತಾಕ್ಕೆ ಹೋದಾಗ ಇದನ್ನು ತಂದರು ಅನ್ನೋದು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾದ ಕಥೆ.

ಈಗ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ದೊಡ್ಡಪ್ಪನಿಗೆ ಒಳ್ಳೇ ರೇಟು ಹೇಳಿದ್ದಾರೆ. ಷರತ್ತು ಒಂದೇ. '1911ರದ್ದು ಅಂತ ಮನೆಯವರು ಒಂದು ಕಾಗದ ಬರೆದುಕೊಡಬೇಕು.' ಓದಿದ ಹುಡುಗ ಅಂತ ಆ ಕಾಗದ ಬರೆಯೋ ಕೆಲಸ ನನ್ನ ತಲೆಗೆ ಬಂತು. ನಾನು ಬಿ.ಕಾಂ. ಮಾಡಿದವನು. ಆಡಿಟಿಂಗ್ ಕ್ಲಾಸಿನಲ್ಲಿ ಕಲಿತಿದ್ದರಲ್ಲಿ ಇವತ್ತಿಗೂ ನೆನಪಿರೋದು ಒಂದೇ ಮಾತು: ವೋಚರ್ ನೋಡದೆ ಎಂಟ್ರಿ ನಂಬಬೇಡ. ಹಾಗಾಗಿ ಈ ಸಂಚಿಕೆ ವೋಚರ್‌ಗಳ ಬಗ್ಗೆ. ಹಳೇ ಮಷೀನಿನ ಬಿಡಿಭಾಗಗಳು ತಮ್ಮ ವಯಸ್ಸನ್ನು ಹೇಗೆ ಹೇಳುತ್ತವೆ ಅನ್ನೋದರ ಬಗ್ಗೆ.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಥಾಮಸ್ ಎಡಿಸನ್ 1877ರಲ್ಲಿ ಕಂಡುಹಿಡಿದದ್ದು ಫೋನೋಗ್ರಾಫ್. ಅದರಲ್ಲಿ ಶಬ್ದ ಕೂತಿದ್ದು ಉರುಳೆಯ ಮೇಲೆ. ಮೊದಲು ತವರದ ಹಾಳೆ, ಆಮೇಲೆ ಮೇಣ. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದದ್ದು ಗ್ರಾಮೋಫೋನಿಗೆ. ಮುಂದೆ ಅದೇ ಚಪ್ಪಟೆ ತಟ್ಟೆಯ ಮಷೀನ್ ಆಗಿ, ನಮ್ಮ ಹಿರಿಯರು 'ಪ್ಲೇಟು' ಅಂತ ಕರೆದದ್ದು ಆ ತಟ್ಟೆಯನ್ನೇ.

ಎಡಿಸನ್ ಮಷೀನುಗಳ ಮೇಲೆ ಒಂದು ಲೋಹದ ಪಟ್ಟಿ ಇರುತ್ತೆ. ಅದರ ತುಂಬಾ ಪೇಟೆಂಟ್ ದಿನಾಂಕಗಳು. ಹೊಸಬರು ಮಾಡೋ ತಪ್ಪು ಏನು ಗೊತ್ತಾ? ಅತಿ ಹಳೇ ದಿನಾಂಕ ಹುಡುಕಿ, 'ನೋಡಿ, ನಮ್ಮ ಮಷೀನು ಅಷ್ಟು ಹಳೇದು' ಅಂತಾರೆ. ಲೆಕ್ಕಕ್ಕೆ ಬರೋದು ಕೊನೆಯ ದಿನಾಂಕ. ಅದೂ ಕೂಡ 'ಇದಕ್ಕಿಂತ ಮುಂಚಿನದಲ್ಲ' ಅಂತ ಮಾತ್ರ ಹೇಳುತ್ತೆ. ಎಷ್ಟು ವರ್ಷ ಆದಮೇಲೆ ತಯಾರಾಯ್ತು ಅನ್ನೋದನ್ನು ಹೇಳಲ್ಲ. ಅಮೆರಿಕದಲ್ಲಿ 1927ರ ತನಕ ವಸ್ತುವಿನ ಮೇಲೆ ಪೇಟೆಂಟಿನ ದಿನಾಂಕ ಹಾಕಬೇಕಿತ್ತು. ಆ ವರ್ಷ ಕಾನೂನು ಬದಲಾಗಿ ಪೇಟೆಂಟ್ ಸಂಖ್ಯೆ ಹಾಕೋದು ಕಡ್ಡಾಯವಾಯ್ತು. ಸಂಖ್ಯೆಯೂ ಸುಳಿವೇ. ಅಲ್ಲಿನ ಹತ್ತು ಲಕ್ಷನೇ ಪೇಟೆಂಟ್ ಕೊಟ್ಟಿದ್ದು 1911ರ ಆಗಸ್ಟ್ 8ರಂದು. ಅದಕ್ಕಿಂತ ದೊಡ್ಡ ಸಂಖ್ಯೆ ಇರೋ ಭಾಗ ಆ ದಿನಕ್ಕಿಂತ ಹಳೇದಾಗಲು ಸಾಧ್ಯವಿಲ್ಲ.

ಎರಡನೇ ವೋಚರ್, ಆ ಭಾಗದ ಕೆಲಸ. ಎಡಿಸನ್ ಉರುಳೆಗಳು ಮೊದಲು ಸುಮಾರು ಎರಡು ನಿಮಿಷ ಹಾಡುತ್ತಿದ್ದವು. ಇಂಚಿಗೆ 100 ಗೆರೆ. 1908ರಲ್ಲಿ ಅಂಬೆರಾಲ್ ಅನ್ನೋ ಉರುಳೆ ಬಂತು. ಇಂಚಿಗೆ 200 ಗೆರೆ, ನಾಲ್ಕು ನಿಮಿಷದ ಹಾಡು. ಗೆರೆ ಸಣ್ಣದಾದ್ದರಿಂದ ಅದನ್ನು ಓದೋ ಮೊನೆಯೂ ಸಣ್ಣದಾಗಬೇಕು, ಗೇರ್ ಕೂಡ ಬದಲಾಗಬೇಕು. ಹಾಗಾದ್ರೆ ನಾಲ್ಕು ನಿಮಿಷದ ಗೇರ್ ಇರೋ ಮಷೀನೆಲ್ಲಾ 1908ರ ನಂತರದ್ದಾ? ಅಲ್ಲ! ಹಳೇ ಮಷೀನಿಗೆ ಸೇರಿಸೋ ಕಿಟ್ಟನ್ನು ಕಂಪನಿಯೇ ಮಾರುತ್ತಿತ್ತು. 1904ರ ಮಷೀನಿನ ಹೊಟ್ಟೆಯಲ್ಲಿ 1909ರ ಗೇರ್ ಇರಬಹುದು. ಅದು ಮೋಸ ಅಲ್ಲ, ಯಾರೋ ಹೊಸ ಹಾಡು ಕೇಳೋ ಆಸೆಗೆ ಮಾಡಿಸಿಕೊಂಡ ರಿಪೇರಿ. ಅದಕ್ಕೇ ಭಾಗದ ವಯಸ್ಸು ಬೇರೆ, ಮಷೀನಿನ ವಯಸ್ಸು ಬೇರೆ.

ಮೂರನೇದು, ಕಂಪನಿಯ ಹೆಸರು. ಲಂಡನ್ನಿನ ಗ್ರಾಮೋಫೋನ್ ಕಂಪನಿ 1900ರ ಕೊನೆಯಿಂದ 1907ರವರೆಗೆ 'ಗ್ರಾಮೋಫೋನ್ ಅಂಡ್ ಟೈಪ್‌ರೈಟರ್' ಅಂತ ಕರೆಸಿಕೊಳ್ತಿತ್ತು. ಆ ಹೆಸರಿದ್ದರೆ ಕಾಲ ಬಹುಮಟ್ಟಿಗೆ ಗೊತ್ತಾದ ಹಾಗೆ. ಇ.ಎಂ.ಐ. ಅಂತ ಇದ್ದರೆ 1931ರ ನಂತರದ್ದು, ಕಂಪನಿಗಳು ಒಂದಾಗಿದ್ದೇ ಆ ವರ್ಷ. ಇನ್ನು ಆ ಪ್ರಸಿದ್ಧ ನಾಯಿ, ನಿಪ್ಪರ್. ಲಂಡನ್ ಕಂಪನಿಯ ರೆಕಾರ್ಡ್ ಲೇಬಲ್ಲಿಗೆ ನಾಯಿ ಬಂದಿದ್ದು 1909ರಲ್ಲಿ. ಅದಕ್ಕೂ ಮೊದಲು ಅಲ್ಲಿದ್ದದ್ದು ಗರಿ ಹಿಡಿದು ಬರೆಯೋ ಒಬ್ಬ ದೇವದೂತ. ಒಂದು ತಮಾಷೆ ಕೇಳಿ. ಫ್ರಾನ್ಸಿಸ್ ಬರ‍್ರಾಡ್ ಆ ಚಿತ್ರ ಬರೆದಾಗ ನಾಯಿ ಕೇಳ್ತಾ ಕೂತಿದ್ದದ್ದು ಉರುಳೆಯ ಫೋನೋಗ್ರಾಫನ್ನು. 1899ರಲ್ಲಿ ಗ್ರಾಮೋಫೋನ್ ಕಂಪನಿ ಚಿತ್ರ ಕೊಂಡಾಗ, ಅದರ ಮೇಲೆಯೇ ಗ್ರಾಮೋಫೋನ್ ಬರೆಸಿತು. ಅಂದ್ರೆ ಆ ಚಿತ್ರದಲ್ಲೂ ಪಾರ್ಟು ಬದಲಾಗಿದೆ!

ನಾಲ್ಕನೇದು, ಯಾವುದರಿಂದ ಮಾಡಿದ್ದು ಅನ್ನೋದು. ಮುಳ್ಳು ಸಿಕ್ಕಿಸೋ ಸೌಂಡ್ ಬಾಕ್ಸಿನೊಳಗೆ ಒಂದು ತೆಳು ಬಿಲ್ಲೆ ಅದುರುತ್ತೆ. ಹಳೇ ಕಾಲದಲ್ಲಿ ಅದು ಅಭ್ರಕದ್ದು, ನಮ್ಮ ಕಡೆ ಕಾಗೆಬಂಗಾರ ಅಂತೀವಲ್ಲ, ಅದು. 1925ರಲ್ಲಿ ಮೈಕ್ ಬಳಸಿ ರೆಕಾರ್ಡ್ ಮಾಡೋ ಪದ್ಧತಿ ಬಂದಮೇಲೆ ಅಲ್ಯೂಮಿನಿಯಂ ಬಿಲ್ಲೆಗಳು ಹೆಚ್ಚಾದವು. ಅದೇ ಕಾಲದ ಸತುವಿನ ಎರಕದ ಭಾಗಗಳು ಇವತ್ತು ಊದಿಕೊಂಡು ಬಿರುಕು ಬಿಟ್ಟಿರೋದನ್ನು ನೋಡಬಹುದು. ಸತುವಿನಲ್ಲಿ ಸ್ವಲ್ಪ ಸೀಸ ಬೆರೆತಿದ್ದರೂ ಅದು ಒಳಗಿಂದ ಒಳಗೇ ಕೊರೆಯುತ್ತೆ.

ಐದನೇದು ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಪಳಪಳ ಹೊಳೆಯೋ ಹಿತ್ತಾಳೆ ಹಾರ್ನ್ ಇರೋ 'ಆಂಟಿಕ್' ಗ್ರಾಮೋಫೋನುಗಳಲ್ಲಿ ಬಹಳಷ್ಟು ಇತ್ತೀಚೆಗೆ ನಮ್ಮಲ್ಲೇ ಜೋಡಿಸಿದಂಥವು. ಹಳೇ ಮೋಟರು, ಹೊಸ ಪೆಟ್ಟಿಗೆ, ಮೇಲೊಂದು ನಾಯಿಯ ಸ್ಟಿಕ್ಕರ್. ಪತ್ತೆ ಹಚ್ಚೋಕೆ ಸ್ಕ್ರೂ ನೋಡಿ. ತಲೆಯ ಮೇಲೆ ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದ ನಡುವಿನಲ್ಲಿ. 1905ರ ಮಷೀನಿಗೆ ಅದು ಹೇಗೆ ಬಂತು ಅಂತ ಕೇಳಿ.

ಈಗ ನಮ್ಮ ಜಗಲಿಗೆ ವಾಪಸ್ ಬರೋಣ. ಮನೆಯ ಕಥೆ ತೀರಾ ಗಾಳಿಯಲ್ಲಿ ಹುಟ್ಟಿದ್ದಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಹಾಡನ್ನು ರೆಕಾರ್ಡ್ ಮಾಡಿದ್ದು ಕಲ್ಕತ್ತಾದಲ್ಲೇ. 1908ಕ್ಕೆ ಅಲ್ಲಿನ ಸಿಯಾಲ್ದಾದಲ್ಲಿ ರೆಕಾರ್ಡ್ ಕಾರ್ಖಾನೆಯೂ ಬಂದಿತ್ತು. ಆದರೆ ಪೆಟ್ಟಿಗೆಯ ಆಕಾರ ನೋಡಿದಾಗಲೇ ನನಗೆ ಅನುಮಾನ. ಇಂಥ ಸೂಟ್‌ಕೇಸ್ ಮಾದರಿಗೆ ದಾರಿ ಮಾಡಿಕೊಟ್ಟ ಡೆಕ್ಕಾ ಪೋರ್ಟಬಲ್ ಬಂದದ್ದೇ 1914ರಲ್ಲಿ. ಸೌಂಡ್ ಬಾಕ್ಸ್ ಮೇಲೆ '5ಎ' ಅಂತಿದೆ, ಬಿಲ್ಲೆ ಅಲ್ಯೂಮಿನಿಯಂದು. ಎಚ್.ಎಂ.ವಿ.ಯ 5ನೇ ನಂಬರಿನ ಸೌಂಡ್ ಬಾಕ್ಸುಗಳು ಶುರುವಾಗಿದ್ದು 1927ರಲ್ಲಿ. ಸೌಂಡ್ ಬಾಕ್ಸ್ ಕಳಚಿ ಹಾಕೋ ಭಾಗ, ಅದೊಂದನ್ನೇ ನಂಬಬಾರದು ಅಂತ ಉಳಿದದ್ದನ್ನೂ ನೋಡಿದೆ. ಒಳಗಿನ ಪಟ್ಟಿಯಲ್ಲಿ 102 ಅಂತಿದೆ. ಹಲಗೆಯಲ್ಲಿ ಹೆಚ್ಚುವರಿ ತೂತು ಒಂದೂ ಇಲ್ಲ, ಸ್ಕ್ರೂಗಳು ಅಲ್ಲಾಡಿದ ಗುರುತಿಲ್ಲ. ಎಲ್ಲ ಭಾಗಗಳೂ ಒಂದೇ ಸಾಕ್ಷಿ ಹೇಳ್ತಿವೆ. ಎಚ್.ಎಂ.ವಿ. 102 ಮಾರುಕಟ್ಟೆಗೆ ಬಂದಿದ್ದು 1931ರಲ್ಲಿ.

ತೊಂದರೆ ಏನಂದ್ರೆ, ಮುತ್ತಜ್ಜ ತೀರಿಕೊಂಡಿದ್ದು 1929ರಲ್ಲಿ. ತೋಟದ ಖಾತೆ ಬದಲಾದ ಕಾಗದದಲ್ಲಿ ಅದು ಸ್ಪಷ್ಟವಾಗಿದೆ.

ದೊಡ್ಡಪ್ಪನಿಗೆ ಸಿಟ್ಟು ಬಂತು. 'ಮುತ್ತಜ್ಜನ ಹೆಸರು ಕಳೀಬೇಡ ಮಾರಾಯ, ಮೂರು ಸಾಲು ಬರೆದುಕೊಡೋಕೆ ಇಷ್ಟೆಲ್ಲಾ ಯಾಕೆ?' ಅಂದರು. ಅಜ್ಜಿಗೆ 88 ವರ್ಷ. ಅಲ್ಲೇ ಕೂತು ವೀಳ್ಯದೆಲೆ ಒರೆಸ್ತಿದ್ದವರು ನಿಧಾನಕ್ಕೆ ಹೇಳಿದರು: 'ಅದು ನಮ್ಮತ್ತೆ ತರಿಸಿದ್ದು. ಅಡಿಕೆ ಮಾರಿದ ದುಡ್ಡಲ್ಲಿ. ಗಂಡ ಹೋದವಳು ಹಾಡಿನ ಪೆಟ್ಟಿಗೆ ತರಿಸಿದ್ಲು ಅಂದ್ರೆ ಊರು ಸುಮ್ನೆ ಬಿಡ್ತಿತ್ತಾ? ಅದಕ್ಕೇ ಯಾರು ಕೇಳಿದ್ರೂ ಅವರೇ ತಂದಿಟ್ಟಿದ್ದು ಅಂತಿದ್ರು. ರಾತ್ರಿ ಬಾಗಿಲು ಹಾಕ್ಕೊಂಡು ಕೇಳ್ತಿದ್ರು. ನಾನು ಮದುವೆಯಾಗಿ ಬಂದಮೇಲೆ ನನ್ನನ್ನೂ ಕೂರಿಸ್ಕೊಳ್ತಿದ್ರು.'

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುತ್ತಜ್ಜಿಯ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಒಂದೇ ಒಂದು ಕಥೆಯೂ ಇರಲಿಲ್ಲ. ಇದ್ದ ಒಂದನ್ನು ಅವರೇ ಗಂಡನ ಹೆಸರಿಗೆ ಬರೆದಿಟ್ಟಿದ್ದರು.

ಕಾಗದ ಬರೆದೆ. 'ಎಚ್.ಎಂ.ವಿ. 102. 1931ಕ್ಕಿಂತ ಮುಂಚಿನದಲ್ಲ. ಕೊಂಡವರು: ಮುತ್ತಜ್ಜಿ.' ವ್ಯಾಪಾರಿ ರೇಟು ಅರ್ಧಕ್ಕೆ ಇಳಿಸಿದರು. ದೊಡ್ಡಪ್ಪ ಆ ಕಾಗದವನ್ನು ಎರಡು ಸಲ ಓದಿ, ಮಡಚಿ, ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು. ಮಾರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಮೊದಲು ಪಟ್ಟಿ ನೋಡಿ, ಸೌಂಡ್ ಬಾಕ್ಸ್ ನೋಡಿ, ಸ್ಕ್ರೂ ನೋಡಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಪಕ್ಕ ಹೋಗಿ ಕೂತ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.