ರಕ್ತನಾಳಕ್ಕೆ ನುಗ್ಗಿದ ಗೆಡ್ಡೆ: ಆಪರೇಷನ್ ಮಧ್ಯೆ ಅಲ್ಟ್ರಾಸೌಂಡ್ ಯಾಕೆ?

ಕಳೆದ ವರ್ಷ ಗೆಳೆಯನೊಬ್ಬ ಅವನಪ್ಪನ ಸ್ಕ್ಯಾನ್ ರಿಪೋರ್ಟ್ ವಾಟ್ಸಾಪ್ ಮಾಡಿದ. ‘ನೀನು ಇಂಜಿನಿಯರ್ ಅಲ್ವೇನೋ, ಇದೇನು ನೋಡು ಮಾರಾಯ’ ಅಂತ. ಕಿಡ್ನಿ ಕ್ಯಾನ್ಸರ್ ಅನ್ನೋದು ಗೊತ್ತಾಯಿತು. ಪಕ್ಕದಲ್ಲಿದ್ದ ‘ಐವಿಸಿ ಥ್ರಾಂಬಸ್, ಲೆವೆಲ್ 2’ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಕೂತು ಓದಿಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ.

ಐವಿಸಿ ಅಂದರೆ ಕಾಲು, ಹೊಟ್ಟೆಯ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ದೊಡ್ಡ ಅಭಿಧಮನಿ. ಕಿಡ್ನಿ ಕ್ಯಾನ್ಸರ್ ಇರುವ ನೂರು ಜನರಲ್ಲಿ ಸುಮಾರು 4ರಿಂದ 10 ಮಂದಿಗೆ ಗೆಡ್ಡೆ ಕಿಡ್ನಿಯ ಅಭಿಧಮನಿಗೆ ನುಗ್ಗುತ್ತೆ, ಕೆಲವರಲ್ಲಿ ಐವಿಸಿಯಲ್ಲಿ ಮೇಲಕ್ಕೂ ಹಬ್ಬುತ್ತೆ. ಎಷ್ಟು ಮೇಲೆ ಅನ್ನೋದಕ್ಕೇ ಈ ಲೆವೆಲ್. 0 ಅಂದರೆ ಕಿಡ್ನಿಯ ಅಭಿಧಮನಿಯಲ್ಲೇ ನಿಂತಿದೆ. 2 ಅಂದರೆ ಐವಿಸಿಯೊಳಗೆ ಬಂದಿದೆ, ಲಿವರಿನ ಅಭಿಧಮನಿಗಳು ಸೇರುವ ಜಾಗ ಮುಟ್ಟಿಲ್ಲ. 4 ಅಂದರೆ ವಪೆ ದಾಟಿ ಹೃದಯದ ಕಡೆ ಹೊರಟಿದೆ. ಸರ್ಜನ್ ಗೆಡ್ಡೆಯ ತುದಿಗಿಂತ ಮೇಲೆ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಬೇಕು. ಅಂದಾಜು ತಪ್ಪಿ ಕ್ಲ್ಯಾಂಪ್ ಗೆಡ್ಡೆಯ ಮೇಲೇ ಬಿದ್ದರೆ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಜೀವ ಟೇಬಲ್ ಮೇಲೇ ಹೋಗಬಹುದು.

ಮೊದಲೇ ಸಿಟಿ, ಎಂಆರ್‌ಐ ಮಾಡಿರ್ತಾರಲ್ಲ? ಮಾಡಿರ್ತಾರೆ. ಆದರೆ ಅದು ಅವತ್ತಿನ ಚಿತ್ರ, ವಾರಗಳು ಕಳೆದರೆ ತುದಿ ಇನ್ನೂ ಏರಿರಬಹುದು. ಹಾಗಾಗಿ ಹೊಟ್ಟೆ ತೆರೆದ ಮೇಲೆ ಸಣ್ಣ ಪ್ರೋಬನ್ನು ರಕ್ತನಾಳದ ಮೇಲೇ ಇಟ್ಟು ನೋಡ್ತಾರೆ. ಇಲ್ಲಿ ನನ್ನ ಹಳೇ ಪಾಠ ಕೆಲಸಕ್ಕೆ ಬಂತು (ಕೊನೆಗೂ!): ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಅಲೆ ಆಳಕ್ಕೆ ಇಳಿಯಲ್ಲ. ಚರ್ಮ, ಕೊಬ್ಬು, ಕರುಳಿನ ಗಾಳಿ ಅಡ್ಡ ಇಲ್ಲದಿದ್ದಾಗ ಆಳಕ್ಕೆ ಇಳಿಯೋದೇ ಬೇಕಿಲ್ಲ. ತುದಿ ಎಲ್ಲಿದೆ, ತೇಲ್ತಿದೆಯಾ, ಗೋಡೆಗೆ ಅಂಟಿದಂತಿದೆಯಾ, ತೆಗೆದ ಮೇಲೆ ಚೂರು ಉಳಿದಿದೆಯಾ ಎಲ್ಲವನ್ನೂ ಅಲ್ಲೇ ನೋಡಬಹುದು. ಗೆಡ್ಡೆ ಹೃದಯದ ಹತ್ತಿರವಿದ್ದರೆ ಅನ್ನನಾಳದೊಳಗೂ ಪ್ರೋಬ್ ಇಳಿಸಿ ಉದ್ದಕ್ಕೂ ಕಾಯ್ತಾರೆ. ಗೋಡೆಯ ಒಳಕ್ಕೇ ಕ್ಯಾನ್ಸರ್ ಇಳಿದಿದೆಯಾ ಅನ್ನೋದನ್ನು ಮಾತ್ರ ಇದು ಖಡಾಖಂಡಿತ ಹೇಳಲ್ಲ. ನೋಡುವವರ ಕೈ ಪಳಗಿರಬೇಕು.

ನಮ್ಮಲ್ಲಿ ಈ ಮಷೀನ್‌ಗೆ ರಾಜಕೀಯವೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ, ಭ್ರೂಣದ ಲಿಂಗ ತೋರಿಸಬಲ್ಲ ಯಂತ್ರವನ್ನು ನೋಂದಣಿಯಿಲ್ಲದೆ ಇಡುವಂತಿಲ್ಲ. ಪೋರ್ಟಬಲ್ ಮಷೀನ್‌ಗೆ ನಿಯಮ ಇನ್ನೂ ಬಿಗಿ. ಡಾಕ್ಟರುಗಳು ಇದಕ್ಕೆ ಗೊಣಗೋದುಂಟು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ದಂಧೆ ಬಯಲಾಗಿದ್ದು ನೆನಪಿದ್ದರೆ, ಸಡಿಲಿಸಿ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಆಸ್ಪತ್ರೆಗಳ ಕಾಗದಪತ್ರ ಬೇಗ ಮುಗಿಸಿಕೊಡಿ ಅಂತ ಕೇಳೋದು ಬೇರೆ ಮಾತು.

ಗೆಳೆಯ ಸರ್ಜನ್ ಹತ್ತಿರ ಎರಡೇ ಪ್ರಶ್ನೆ ಕೇಳಿದ: ‘ಸ್ಕ್ಯಾನ್ ಹಳೇದಾಯ್ತಲ್ವಾ ಸಾರ್? ಆಪರೇಷನ್ ವೇಳೆ ಅಲ್ಟ್ರಾಸೌಂಡ್ ಇರುತ್ತಾ?’ ಇರುತ್ತೆ ಅಂದರು. ಸ್ಕ್ಯಾನ್ ಆಗಿ ಆಗಲೇ ಆರು ವಾರ ಆಗಿತ್ತು. ಅದನ್ನು ಮತ್ತೆ ಮಾಡಿಸಿದರು.