ಕರುಳಿನಿಂದ ಯಕೃತ್ತಿಗೆ: ಕ್ಯಾನ್ಸರ್ ಹರಡುವಿಕೆಯಲ್ಲಿ ಜೀನ್ ಅಭಿವ್ಯಕ್ತಿಯ ಪಾತ್ರ

ದೊಡ್ಡಕರುಳಿನ ರಕ್ತ ಹೃದಯಕ್ಕೆ ಮರಳುವ ಮುನ್ನ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಹಾದುಹೋಗುತ್ತದೆ. ಗೆಡ್ಡೆಯಿಂದ ಕಳಚಿಕೊಂಡ ಕೋಶಗಳು ಮೊದಲು ಅಲ್ಲಿ ಸಿಕ್ಕಿಬೀಳುವುದು ಸಹಜ. ಗುದನಾಳದ ಕೆಳಭಾಗದ ರಕ್ತಕ್ಕೆ ಮಾತ್ರ ಬೇರೊಂದು ದಾರಿಯೂ ಉಂಟು. ಅಲ್ಲಿನ ಕ್ಯಾನ್ಸರ್ ಯಕೃತ್ತನ್ನು ಬಿಟ್ಟು ಶ್ವಾಸಕೋಶ ಸೇರುವುದಿದೆ. ಆದರೆ ದಾರಿ ತಿಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯದು. ಯಕೃತ್ತು ತಲುಪಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಕೆಲವೇ ಏಕೆ ಬೇರೂರುತ್ತವೆ?

1990ರಲ್ಲಿ ಫಿಯರನ್ ಮತ್ತು ವೋಗಲ್‌ಸ್ಟೈನ್ ಮಂಡಿಸಿದ ಎಪಿಸಿ, ಕೆ-ರಾಸ್, ಪಿ53 ರೂಪಾಂತರಗಳ ಸರಣಿ ಕರುಳಿನ ಗೆಡ್ಡೆ ಬೆಳೆಯುವ ಬಗೆಯನ್ನು ವಿವರಿಸುತ್ತದೆ, ಹರಡುವ ಬಗೆಯನ್ನಲ್ಲ. 2001ರಲ್ಲಿ ವೋಗಲ್‌ಸ್ಟೈನ್ ತಂಡ ಯಕೃತ್ತಿನ ಗಂಟುಗಳಿಂದ ಕ್ಯಾನ್ಸರ್ ಕೋಶಗಳನ್ನಷ್ಟೇ ಬೇರ್ಪಡಿಸಿ ನೋಡಿತು. ಪರೀಕ್ಷಿಸಿದ 18 ಹರಡು ಗೆಡ್ಡೆಗಳಲ್ಲೂ ಪಿಆರ್‌ಎಲ್-3 ಜೀನ್‌ನ ಅಭಿವ್ಯಕ್ತಿ ಏರಿತ್ತು. ಜೀನ್‌ನ ಪ್ರತಿಗಳು ಹೆಚ್ಚಿದ್ದು, ಅದಕ್ಕಾಗಿ ಪರೀಕ್ಷಿಸಿದ 12ರಲ್ಲಿ 3ರಲ್ಲಿ ಮಾತ್ರ. ನನ್ನ ಮಟ್ಟಿಗೆ ಈ ಎರಡು ಅಂಕಿಗಳ ನಡುವಿನ ಅಂತರವೇ ಮುಖ್ಯ: ಜೀನ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಚುರುಕಾಗಿದೆ ಎಂಬುದು ಇಲ್ಲಿ ಹೆಚ್ಚು ಹೇಳುತ್ತದೆ.

ಯಕೃತ್ತು ಸೇರಿದ ಮೇಲೂ ಕೋಶ ಬದಲಾಗುತ್ತದೆ. ಅಲ್ಲಿ ಫ್ರಕ್ಟೋಸ್ ಹೇರಳ. ಅದನ್ನು ಬಳಸಿಕೊಳ್ಳಲು ಆಲ್ಡೋಲೇಸ್-ಬಿ ಜೀನ್ ಚುರುಕಾಗುವುದನ್ನು 2018ರ ಅಧ್ಯಯನ ತೋರಿಸಿತು. ಫ್ರಕ್ಟೋಸ್ ಕಡಿಮೆ ಮಾಡಿದಾಗ ಇಲಿಗಳ ಯಕೃತ್ತಿನ ಗಂಟುಗಳ ಬೆಳವಣಿಗೆ ತಗ್ಗಿತು. (ಇದನ್ನೇ ಪಥ್ಯವೆಂದು ಬರೆದುಕೊಡುವ ಆತುರ ಬೇಡ.) ಇಲ್ಲೊಂದು ತೊಡಕೂ ಇದೆ. ಪರೀಕ್ಷೆಗೆ ತೆಗೆದ ಗಂಟಿನ ತುಣುಕಿನಲ್ಲಿ ಯಕೃತ್ತಿನ ಸ್ವಂತ ಕೋಶಗಳು ಉಳಿದರೆ ಅವುಗಳ ಆಲ್ಬುಮಿನ್ ಜೀನ್ ಕ್ಯಾನ್ಸರಿನ ಲೆಕ್ಕಕ್ಕೆ ಸೇರುತ್ತದೆ. ಕೆಟ್ಟ ಮುನ್ಸೂಚನೆಯೆಂದು ಎಣಿಸಿದ್ದ ಜೀನ್‌ಗಳಲ್ಲಿ ಹಲವು ಕ್ಯಾನ್ಸರ್ ಕೋಶಗಳವಲ್ಲ, ಸುತ್ತಲಿನ ಫೈಬ್ರೋಬ್ಲಾಸ್ಟ್‌ಗಳವು ಎಂದು 2015ರ ಅಧ್ಯಯನಗಳು ಎಚ್ಚರಿಸಿದ್ದವು.

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯಂಥ ಊರಿನ ರೋಗಿಗೆ ಈ ಜ್ಞಾನ ತಲುಪುವುದು ಪ್ಯಾರಾಫಿನ್ ಬ್ಲಾಕಿನ ಮೂಲಕವೇ. ಹತ್ತಿರದ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ತುಣುಕನ್ನು ಬೆಂಗಳೂರಿಗೆ ಕಳುಹಿಸಬಹುದು. ಸೆಟುಕ್ಸಿಮ್ಯಾಬ್ ಔಷಧ ಕೊಡುವ ಮುನ್ನ ಬೇಕಾದ ಕೆ-ರಾಸ್ ಪರೀಕ್ಷೆಗೆ ಅದರ ಡಿಎನ್‌ಎ ಸಾಕು. ಅಭಿವ್ಯಕ್ತಿ ಅಳೆಯಲು ಬೇಕಾದ ಆರ್‌ಎನ್‌ಎ ಹಾಗಲ್ಲ. ತುಣುಕು ಫಾರ್ಮಲಿನ್‌ಗೆ ಬೀಳುವುದು ತಡವಾದರೆ, ಅಥವಾ ಅದರಲ್ಲಿ ಬಹಳ ದಿನ ಉಳಿದರೆ, ಆರ್‌ಎನ್‌ಎ ಚೂರುಚೂರಾಗುತ್ತದೆ. ಆ ಹೊತ್ತನ್ನು ಯಾರೂ ಬರೆದಿಡದಿದ್ದರೆ, ಕಂಡ ವ್ಯತ್ಯಾಸ ರೋಗದ್ದೋ ವಿಳಂಬದ್ದೋ ತಿಳಿಯದು. ಜತೆಗೆ ಯಕೃತ್ತಿನ ಗಂಟು ಎಷ್ಟೋ ರೋಗಿಗಳಲ್ಲಿ ಸಿಟಿ ಸ್ಕ್ಯಾನಿನಲ್ಲಿ ಕಂಡು ಅಲ್ಲಿಗೇ ನಿಲ್ಲುತ್ತದೆ. ಕರುಳಿನ ತುಣುಕಿನೊಂದಿಗೆ ಹೋಲಿಸಲು ಅದೇ ರೋಗಿಯ ಯಕೃತ್ತಿನ ತುಣುಕು ಇರುವುದೇ ಇಲ್ಲ.